ಮನುಷ್ಯನಾಗಲು ಒಂದು ಟೈಮ್‌ಟೇಬಲ್

ಕಳೆದ ಭಾನುವಾರ ನಮ್ಮ ಮನೆಯಲ್ಲಿ ನನ್ನ ಮನುಷ್ಯತ್ವದ ಪರೀಕ್ಷೆ ನಡೆಯಿತು. ಫೇಲಾದೆ.

ಪರೀಕ್ಷಕಿ ಮೊಮ್ಮಗಳು ಸ್ನೇಹಾ. ಸಿಂದಗಿಯಲ್ಲಿ ಪಿಯುಸಿ ಓದುವವಳು, ಎಂಟು ದಿನದ ರಜೆಗೆ ನಮ್ಮೂರು ಇಂಡಿಗೆ ಬಂದಿದ್ದಾಳೆ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಜಪಾನಿನ ಅನಿಮೆ ಸಿನಿಮಾ ಹಚ್ಚಿದಳು. (ಕಾರ್ಟೂನ್ ಅನ್ನಬಾರದಂತೆ.) ಅದರಲ್ಲಿ ಒಬ್ಬಳು ಬಾಲವಾಡಿ ಟೀಚರ್. ತಾನು ಯಂತ್ರ ಎಂಬುದು ಅವಳಿಗೇ ಗೊತ್ತಿಲ್ಲ. ಗೊತ್ತಾದ ದಿನ ಒಂದು ಮಗುವಿನ ಶೂ ಲೇಸು ಕಟ್ಟುತ್ತ ಕೇಳುತ್ತಾಳೆ: ಹಾಗಾದರೆ ಈ ಪ್ರೀತಿ ಯಾರದು?

ಸ್ನೇಹಾ ಬಿಕ್ಕುತ್ತಿದ್ದಳು. ನಾನು ಎದ್ದು ಹೆಂಡತಿಗೆ ಹೇಳಿದೆ: "ಒಂದೂವರಿ ಆತು. ತಾಟ ಹಾಕು."

ಮೊಮ್ಮಗಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. "ಅಜ್ಜಾ, ಆಕಿ ಯಂತ್ರ ಇದ್ರೂ ಮನುಷ್ಯಾಳಾದ್ಲು. ನೀ ಮನುಷ್ಯಾ ಇದ್ರೂ ಯಂತ್ರ ಆಗೀದಿ. ನಿನ್ನ ಜೋಡಿ ಇನ್ನ ಸಿನಿಮಾ ನೋಡಂಗಿಲ್ಲ ನಾ."

ಅಡುಗೆಮನೆಯಿಂದ ಸಾಕ್ಷಿಯೂ ಬಂತು. "ನಮ್ಮ ಮದುವ್ಯಾಗ ಅಕ್ಕಿಕಾಳು ಐದು ನಿಮಿಷ ತಡಾ ಬಿದ್ದೂವಂತ ಅಯ್ಯನೋರಿಗೆ ಗಡಿಯಾರ ತೋರಿಸಿದವರು ಇವರು."

ಮಾತು ನಾಟಿತು. ಕಾಲೇಜು ಹುಡುಗಿ ಅಜ್ಜನ ಪಕ್ಕ ಎರಡು ತಾಸು ಕೂಡುವುದು ಸಣ್ಣ ಮಾತೇ? ಇದ್ದ ಆ ಎರಡು ತಾಸೂ ಈಗ ಕೈತಪ್ಪಿತ್ತು.

ಮಠದ ಹಾಸ್ಟೆಲಿನಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನು ನಾನು. ಸುಧಾರಣೆಯೂ ಕ್ರಮವಾಗಿಯೇ ಆಗಬೇಕಲ್ಲವೇ? ಸೋಮವಾರ ಬೆಳಿಗ್ಗೆ ಕ್ಯಾಲೆಂಡರಿನ ಪಕ್ಕ ಚೀಟಿ ಅಂಟಿಸಿದೆ: 'ಸಂಜೆ 5ರಿಂದ 5.10: ಮನಸ್ಸಿಗೆ ಬಂದಂತೆ ಇರುವುದು.'

ಐದಕ್ಕೆ ಸರಿಯಾಗಿ ಅಂಗಳದಲ್ಲಿ ನಿಂತೆ. ಮನಸ್ಸಿಗೆ ಏನೂ ಬರಲಿಲ್ಲ. ಹತ್ತು ನಿಮಿಷ ಮುಗಿಯಿತು. ಒಳಗೆ ಬಂದೆ.

ಅಷ್ಟರಲ್ಲಿ ಸ್ನೇಹಾ ಚೀಟಿ ಓದಿದ್ದಳು. "ಅಜ್ಜೀ, ಇಲ್ಲೆ ಬಾ. ಅಜ್ಜ ಮನುಷ್ಯಾ ಆಗಾಕ ಟೈಮ್‌ಟೇಬಲ್ ಹಾಕ್ಯಾನ." ಇಬ್ಬರೂ ನೆಲಕ್ಕೆ ಕೂತು ನಕ್ಕರು. ನಗು ಮುಗಿದ ಮೇಲೆ ಕರುಣೆ ಬಂದಿರಬೇಕು. ಮೊಮ್ಮಗಳು ಮರುಪರೀಕ್ಷೆಗೆ ಒಪ್ಪಿದಳು. ಅದೇ ಸಿನಿಮಾ. ಶರತ್ತು ಒಂದೇ: ಗೋಡೆಯ ಗಡಿಯಾರ ಇಳಿಸಿಡಬೇಕು. ಕೈಯಲ್ಲಿದ್ದದ್ದೂ.

ನಿನ್ನೆ ನೋಡಿದೆವು. ಶೂ ಲೇಸಿನ ಜಾಗ ಬಂತು. ಸ್ನೇಹಾ ಸಿನಿಮಾ ಬಿಟ್ಟು ನನ್ನ ಮುಖ ನೋಡುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. (ನಿಜವಾಗಿ.) ಅವಳು ತೋಳು ಹಿಡಿದುಕೊಂಡಳು. "ಪಾಸಾದಿ ಅಜ್ಜಾ. ನಾಳಿಗೆ ಇನ್ನೊಂದು ನೋಡೂನು."

ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನು ಅಳೆದಳು. "ಎರಡು ಹೊಡದೈತಿ. ಅಳೂದು ಆ ಟೀಚರಮ್ಮನ ಸಂಬಂಧೋ, ರೊಟ್ಟಿ ತಡಾ ಆದ ಸಂಬಂಧೋ?"

ಇನ್ನೂ ಗೊತ್ತಾಗಿಲ್ಲ. ಯಂತ್ರವಾಗಿದ್ದರೆ ಗೊತ್ತಿರುತ್ತಿತ್ತಲ್ಲವೇ?