ಅಂಕಲ್‌ಗೆ ತೋರಿಸದ ರಿಪೋರ್ಟು

ಅವರ ಬಲಗೈ ತೋರುಬೆರಳಿನ ಗೆಣ್ಣು ಊದಿ ನೆಲ್ಲಿಕಾಯಿಯಷ್ಟಾಗಿತ್ತು. ಡಬ್ಬಿಗಳ ಮುಚ್ಚಳವನ್ನು ಆ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಒಳಗಿನ ಹಣ್ಣು ಕೆಟ್ಟಿದೆಯೋ ಇಲ್ಲವೋ ಹೇಳುವುದರಲ್ಲೇ ಅವರ ಆಯುಷ್ಯ ಕಳೆದಿತ್ತು. ಕೆನಡಾದ ಮಿಸಿಸಾಗದಲ್ಲಿರುವ ಆಮದು ಕಂಪನಿಯೊಂದರ ಗೋದಾಮಿನಲ್ಲಿ ಕ್ವಾಲಿಟಿ ವಿಭಾಗಕ್ಕೆ ನಾನು ಸೇರಿದ ದಿನವೇ, ಅಲ್ಲಿ ಡಬ್ಬಿ ತಪಾಸಣೆ ಮಾಡುತ್ತಿದ್ದ ಅವರು ಕರೆದು, "ಮೆಷಿನ್ನು ಆಮೇಲೆ ಮಾರಾಯ್ತಿ, ಮೊದಲು ಕಿವಿ ಕೊಡು," ಎಂದು ಎರಡು ಡಬ್ಬಿ ತಟ್ಟಿ ತೋರಿಸಿದ್ದರು. ಒಳ್ಳೆಯದು ಟಣ್ ಎಂದಿತು, ಕೆಟ್ಟದ್ದು ಬೊದ್ ಎಂದಿತು. ಮೈಸೂರಿನಲ್ಲಿ ಫುಡ್ ಟೆಕ್ನಾಲಜಿ ಓದಿದ್ದ ನನಗೆ ಅದನ್ನು ಯಾರೂ ಕಲಿಸಿರಲಿಲ್ಲ. ಆ ಗೋದಾಮಿನಲ್ಲಿ ಕನ್ನಡದವರು ನಾವಿಬ್ಬರೇ. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ.

ಅಂಕಲ್ ಉಡುಪಿ ಕಡೆಯವರು. ಕೆನಡಾಕ್ಕೆ ಬರುವ ಮೊದಲು ಆಫ್ರಿಕಾದ ಒಂದು ಪುಟ್ಟ ದೇಶದಲ್ಲಿ, ಅನಾನಸನ್ನು ಡಬ್ಬಿಗೆ ತುಂಬುವ ಕಾರ್ಖಾನೆಯ ಮ್ಯಾನೇಜರಾಗಿದ್ದರು. ಅಲ್ಲಿ ಬೇಸಾಯ ಬಿಟ್ಟರೆ ಬೇರೆ ಕಸುಬು ಕಡಿಮೆ. ಹಣ್ಣು ಬೆಳೆಯುವವರು, ಸಿಪ್ಪೆ ಹೆರೆಯುವ ಹೆಂಗಸರು, ಎಲ್ಲರೂ ಆ ಒಂದು ಕಾರ್ಖಾನೆಯನ್ನೇ ನಂಬಿದ್ದರು. ಅಲ್ಲಿನ ಸರಕು ನಮ್ಮ ಗೋದಾಮಿಗೇ ಬರುತ್ತಿತ್ತು. ಕಂಟೇನರ್ ತೆರೆದ ದಿನ ಅಂಕಲ್ ಡಬ್ಬಿಯೊಂದನ್ನು ಕೈಯಲ್ಲಿ ತಿರುಗಿಸಿ, "ನನ್ನ ಮೇಸ್ತ್ರಿ ಮುಚ್ಚಿದ್ದು. ಅಂಚು ನೋಡು, ಹೇಗುಂಟು!" ಎನ್ನುವರು. ಮುಚ್ಚಳ ಬಿಗಿಯುವುದನ್ನು ಆ ಮೇಸ್ತ್ರಿಗೆ ಕಲಿಸಿದವರು ಅವರೇ. ಭಾನುವಾರ ಬಂತೆಂದರೆ ಇಬ್ಬರಿಗೂ ಫೋನಿನಲ್ಲಿ ಮಾತು.

ಒಮ್ಮೆ ಬಂದ ಕಂಟೇನರಿನಲ್ಲಿ ಕೆಲವು ಡಬ್ಬಿಗಳು ಒಳಗಿನ ಹಣ್ಣು ಕೆಟ್ಟು ಉಬ್ಬಿದ್ದವು. ಅಂಕಲ್ ಓಡಿ ಬಂದರು.

"ಒಂದು ಮೂಲೆಯದ್ದು ಮಾತ್ರ ಹೋಗಿರ್ಬೇಕು. ನನಗೆ ಮೂರು ದಿನ ಕೊಡು, ಒಂದೊಂದೇ ತಟ್ಟಿ ಬೇರೆ ಮಾಡ್ತೇನೆ."

ನನ್ನ ಮೇಲಿನವರಿಗೆ ಸಂಜೆಯೊಳಗೆ ಉತ್ತರ ಬೇಕಿತ್ತು. "ಸಾರಿ ಅಂಕಲ್, ಟೈಮ್ ಇಲ್ಲ," ಎಂದೆ. ಮುಚ್ಚಳ ಸರಿಯಾಗಿ ಬಿಗಿದಿಲ್ಲವೆಂದು ಬರೆದು, ಇಡೀ ಸರಕನ್ನು ತಿರಸ್ಕರಿಸಿ ಸಹಿ ಹಾಕಿದೆ. ಕಂಪನಿ ಬೇರೆ ದೇಶದಿಂದ ತರಿಸತೊಡಗಿತು. ವರ್ಷ ತುಂಬುವುದರೊಳಗೆ ಆ ಕಾರ್ಖಾನೆ ಮುಚ್ಚಿತು.

ಸಹಿ ಹಾಕಿದ ಮೂರು ವಾರಕ್ಕೆ ಲ್ಯಾಬಿನ ರಿಪೋರ್ಟು ಬಂದಿತ್ತು. ಬಿಗಿತದಲ್ಲಿ ದೋಷವಿಲ್ಲ, ದಾರಿಯಲ್ಲಿ ಪೆಟ್ಟು ಬಿದ್ದು ಒಂದು ಸಾಲು ನೆಗ್ಗಿ ಸೋರಿದೆ, ಉಳಿದದ್ದೆಲ್ಲ ಚೆನ್ನಾಗಿದೆ. ಓದಿ, ಯಾರಿಗೂ ತೋರಿಸದೆ ಫೈಲಿನಲ್ಲಿಟ್ಟೆ. ನನಗಿನ್ನೂ ಪಿ.ಆರ್., ಅಂದರೆ ಕೆನಡಾದಲ್ಲಿ ಕಾಯಂ ಇರುವ ಪರವಾನಗಿ, ಸಿಕ್ಕಿರಲಿಲ್ಲ, ಕೆಲಸ ಹೋದರೆ ದೇಶ ಬಿಡಬೇಕೆಂಬ ಹೆದರಿಕೆ. ಆಮೇಲೆ ಪಿ.ಆರ್. ಬಂತು. ಆಗಲೂ ಹೇಳಲಿಲ್ಲ. ಅದಕ್ಕೆ ಯಾವ ನೆಪವೂ ನನ್ನಲ್ಲಿಲ್ಲ.

ಲಂಚ್ ರೂಮಿನಲ್ಲಿ ನನಗೂ ಎರಡು ನೀರುದೋಸೆ ಹಾಕಿಕೊಡುತ್ತಾ ಅಂಕಲ್ ಒಮ್ಮೆ, "ನಾನು ಕಲಿಸಿದ್ದೇ ಸರಿ ಇರ್ಲಿಲ್ವೋ ಏನೋ," ಎಂದಿದ್ದರು. ಆ ದೋಸೆಯನ್ನು ನಾನು ತಿಂದೆ.

ಅವರು ನಿವೃತ್ತರಾದ ಮೇಲೆ ಪೋರ್ಟ್ ಕ್ರೆಡಿಟ್‌ನಲ್ಲಿ ಸರೋವರದ ಪಕ್ಕ ಒಟ್ಟಿಗೆ ನಡೆಯುತ್ತಿದ್ದಾಗ, ಹೇಳಿಯೇಬಿಡೋಣವೆಂದು ನಿಂತೆ.

"ಎಂತ?" ಎಂದರು.

"ಏನಿಲ್ಲ ಅಂಕಲ್, ಚಳಿ."

ತಮ್ಮ ಮಫ್ಲರ್ ತೆಗೆದು ನನಗೆ ಕೊಟ್ಟರು.

ಹೋದ ಚಳಿಗಾಲ ಹೃದಯಾಘಾತದಿಂದ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಅವರ ಹೆಂಡತಿ, ನನ್ನ ಪಾಲಿನ ಆಂಟಿ, ಅಡುಗೆಮನೆಯಲ್ಲಿ, "ಆ ಮೇಸ್ತ್ರಿ ಇವರಿಗೆ ಮಗನ ಹಾಗಿದ್ದ. ಡಬ್ಬಿ ಕೆಟ್ಟದ್ದೇ ಕೆಟ್ಟದ್ದು, ಇವರು ಅವನಿಗೆ ಬೈದು, ಮತ್ತೆ ಅವನ ಫೋನೇ ಎತ್ಲಿಲ್ಲ," ಎಂದರು.

ನಾನು ಅಲ್ಲೇ ಎಲ್ಲವನ್ನೂ ಹೇಳಿದೆ. ಆಂಟಿ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. ಆಮೇಲೆ ಫೋನಿನಲ್ಲಿ ಹುಡುಕಿ ಒಂದು ನಂಬರು ಬರೆದುಕೊಟ್ಟು, "ನನ್ನತ್ರ ಹೇಳಿ ಎಂತ ಪ್ರಯೋಜನ? ಅವನಿಗೆ ಹೇಳು," ಎಂದರು.

ಮರುದಿನ ಬೆಳಿಗ್ಗೆ ಫೋನ್ ಮಾಡಿದೆ. ಮೇಸ್ತ್ರಿ ಈಗ ರಸ್ತೆಬದಿಯಲ್ಲಿ ಹಣ್ಣು ಮಾರುತ್ತಾನಂತೆ. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿದ. ಬೈಯಲಿಲ್ಲ. ಕೊನೆಗೆ ಒಂದನ್ನು ಮಾತ್ರ ಕೇಳಿದ: "ನಮ್ಮ ಸಾಹೇಬರಿಗೆ ತೀರಿಕೊಳ್ಳುವ ಮೊದಲು ಇದು ಗೊತ್ತಾಗಿತ್ತಾ?"

"ಇಲ್ಲ," ಎಂದೆ.