ಅಂಗಳಕ್ಕೆ ಬಿದ್ದ ಲಾಕ್

ರಬಕವಿಯ ನಮ್ಮ ಮನೆಯಲ್ಲಿ ಅವ್ವನಿಗೆ ಮೊದಲ ಟಚ್ ಫೋನ್ ಕೊಡಿಸಿದಾಗ ಅದಕ್ಕೊಂದು ಲಾಕ್ ಹಾಕಿಕೊಟ್ಟೆ. ಪರದೆಯ ಮೇಲಿನ ಒಂಬತ್ತು ಚುಕ್ಕಿಗಳ ನಡುವೆ ಬೆರಳಿನಿಂದ ಗೊತ್ತುಮಾಡಿದ ಗೆರೆ ಎಳೆದರೆ ಮಾತ್ರ ಫೋನ್ ತೆರೆಯುತ್ತಿತ್ತು. "ಈ ಗೆರಿ ಮರೀಬ್ಯಾಡ, ಯಾರಿಗೂ ತೋರಿಸಬ್ಯಾಡ" ಎಂದು ಹತ್ತು ಸಲ ಹೇಳಿದೆ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲಿ ಅದೇ ಒಂಬತ್ತು ಚುಕ್ಕಿ, ಅದೇ ಗೆರೆ, ದೊಡ್ಡ ರಂಗೋಲಿ! ಎದುರುಮನೆಯ ಕಾಕು ನಿಂತು ನೋಡಿ, "ಭಾಳ ಛಲೋ ಬಂದೈತ್ರಿ" ಎಂದು ಹೊಗಳುತ್ತಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು; ಅವ್ವನ ಮೇಲೆ ರೇಗಿದೆ. "ಮರೀಬ್ಯಾಡ ಅಂದಾಂವ ನೀನ ಅಲ್ಲೇನಲೇ? ದಿನಾ ಹಾಕಿದ್ರ ಹೆಂಗ ಮರೀತೇನಿ?" ಎಂದಳು ಅವ್ವ. ಬೈದುಕೊಳ್ಳುತ್ತಲೇ ಲಾಕ್ ಬದಲಿಸಿಕೊಟ್ಟೆ.

ಮರುದಿನ ಹೊಸ ಲಾಕ್ ನಮ್ಮ ಅಂಗಳದಲ್ಲಿತ್ತು. ಹಳೆಯದು ಕಾಕುವಿನ ಅಂಗಳದಲ್ಲಿ.