ಸತ್ತವನ ರೆಕ್ಕೆ

ಭದ್ರಾ ಡ್ಯಾಮಿನ ಕೆಲಸ ಇನ್ನೂ ಮುಗಿದಿರಲಿಲ್ಲ. ನಾವು ಭದ್ರಾವತಿಯ ಜನ್ನಾಪುರದಲ್ಲಿದ್ದೆವು. ನಮ್ಮ ಯಜಮಾನರು ಮೆಕ್ಯಾನಿಕ್ಕು. ಲಾರಿ, ಬಸ್ಸು, ಅಕ್ಕಿ ಗಿರಣಿಯ ಇಂಜಿನ್ನು, ಏನು ಕೊಟ್ಟರೂ ಬಿಚ್ಚಿ ಜೋಡಿಸುತ್ತಿದ್ದರು. ನಾನು ಓದಿದ್ದು ಮೂರನೇ ಕ್ಲಾಸು. ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಅದರಿಂದಲೇ ನಾನು ಒಂದು ವಿಮಾನಕ್ಕೆ ಕೈ ಹಾಕುವ ಹಾಗಾಯಿತು.

ವಿಮಾನ ಶಿವಮೊಗ್ಗದ ಒಬ್ಬ ಸಾಮಿಲ್ ಧಣಿಯದು. ಯುದ್ಧದ ಕಾಲದಲ್ಲಿ ಸೈನ್ಯದವರಿಗೆ ಹಾರುವುದನ್ನು ಕಲಿಸಲು ಇಟ್ಟಿದ್ದ ಹಳೇ ವಿಮಾನಗಳನ್ನು ಹರಾಜು ಹಾಕಿದ್ದರಂತೆ. ಧಣಿ ಅದರಲ್ಲೊಂದನ್ನು ಹಿಡಿದು, ಲಾರಿಯಲ್ಲಿ ತಂದು ನಮ್ಮ ಶೆಡ್ಡಿನ ಮುಂದೆ ಇಳಿಸಿದರು. ಮೇಲೊಂದು ಜೊತೆ ರೆಕ್ಕೆ, ಕೆಳಗೊಂದು ಜೊತೆ. ಹಿಂದೆ ಮುಂದೆ ಎರಡು ಸೀಟು, ತಲೆಯ ಮೇಲೆ ಮುಚ್ಚಿಗೆ ಇಲ್ಲ. ಇಂಜಿನ್ನಿನಲ್ಲಿ ಇಲಿ ಮರಿ ಹಾಕಿತ್ತು.

"ಊರ ಮೇಲೆ ಒಂದು ರೌಂಡು ಹಾರ್ಬೇಕು ಕಣಯ್ಯಾ, ಅಷ್ಟೇ ನನ್ನ ಆಸೆ," ಅಂದರು ಧಣಿ.

ಯಜಮಾನರು ಆಗಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಒಂದು ವರ್ಷ ಅದಕ್ಕೇ ಬಿದ್ದರು.

ಬಲಗಡೆಯ ಕೆಳಗಿನ ರೆಕ್ಕೆಯನ್ನು ಗೆದ್ದಲು ತಿಂದಿತ್ತು. ಧಣಿ ಎಲ್ಲಿಂದಲೋ ಇನ್ನೊಂದನ್ನು ತರಿಸಿದರು. ಮೇಲೆ ಬಟ್ಟೆ ಇಲ್ಲದ ಬರೀ ಮರದ ಅಸ್ಥಿಪಂಜರ. ಅದನ್ನು ತಂದ ಲಾರಿ ಸಾಬರು ನಮಗೆ ಬೇಕಾದವರು. ಇಳಿಸಿ, ನೀರು ಕುಡಿದು, ಚೊಂಬು ಕೊಡುತ್ತಾ ಕೇಳಿದರು.

"ಅಕ್ಕಾ, ಇದು ಯಾವುದರ ರೆಕ್ಕೆ ಅಂತ ಧಣಿ ಹೇಳಿದ್ರಾ?"

"ಇಲ್ವಲ್ಲ."

"ಅದೇ ಹರಾಜಲ್ಲಿ ಇನ್ನೊಬ್ರು ತಗೊಂಡಿದ್ದು. ರಿಪೇರಿ ಮಾಡಿ ಮೊದಲ್ನೇ ದಿನ ಎಬ್ಬಿಸಿದ್ರಂತೆ. ತೆಂಗಿನ ಮರದಷ್ಟು ಎದ್ದು ಅಲ್ಲೇ ಬಿತ್ತಂತೆ. ಓಡಿಸ್ತಿದ್ದೋರು ಖತಂ. ಪೂರ್ತಿಯಾಗಿ ಉಳಿದಿದ್ದು ಇದೊಂದೇ."

ಒಳಗಿದ್ದ ನಮ್ಮತ್ತೆಗೆ ಕೇಳಿಸಿತು. ಹೊರಗೆ ಬಂದವರೇ ಮಗನನ್ನು ಹಿಡಿದುಕೊಂಡರು.

"ಸತ್ತವನ ಪಂಚೆ ಕೊಟ್ರೆ ಉಡ್ತೀಯೇನೋ? ಸತ್ತವನ ರೆಕ್ಕೆ ತಂದು ಕಟ್ತಾ ಇದೀಯಲ್ಲ!"

"ಮರಕ್ಕೇನು ಗೊತ್ತವ್ವಾ, ಯಾರು ಸತ್ರು ಅಂತ? ಅಲ್ದೆ ಹಾರೋದು ನಾನಲ್ವಲ್ಲ."

ಆ ರೆಕ್ಕೆಗೆ ಬಟ್ಟೆ ಹೊಲಿದವಳು ನಾನು. ಮರದ ಚೌಕಟ್ಟಿಗೆ ಗಟ್ಟಿ ಬಟ್ಟೆ ಬಿಗಿದು, ಅದನ್ನು ಅಂಚಿನ ಮೇಲೆ ನಿಲ್ಲಿಸಿ, ಈ ಕಡೆ ನಾನು, ಆ ಕಡೆ ಯಜಮಾನರು ಕೂರುತ್ತಿದ್ದೆವು. ನಾನು ಮೊಳದುದ್ದದ ಸೂಜಿ ಚುಚ್ಚಿದರೆ ಅವರು ಎಳೆದುಕೊಂಡು ಮತ್ತೆ ನನ್ನ ಕಡೆಗೆ ಚುಚ್ಚುವರು. ದಾರಕ್ಕೆ ಮೇಣ. ಪ್ರತಿ ಹೊಲಿಗೆಗೂ ಗಂಟು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಚೌಕಟ್ಟಿನ ಒಂದು ಮರದ ಪಟ್ಟಿಯ ಮೇಲೆ ಅಂಗೈಯಗಲ ಕಪ್ಪು ಕಲೆ ಇತ್ತು. ಎಣ್ಣೆ ಅಂದುಕೊಂಡೆ. ಎಣ್ಣೆಯೇ ಇರಬಹುದು. ಅದರ ಮೇಲೂ ಬಟ್ಟೆ ಹೊಲಿದೆ.

ರೆಕ್ಕೆಯಲ್ಲದೆ ಇನ್ನೊಂದನ್ನೂ ಹೊಲಿದೆ. ಎಡಗಡೆ ಎರಡು ರೆಕ್ಕೆಗಳ ನಡುವಿನ ಕಂಬಕ್ಕೆ ಬೆರಳು ಗಾತ್ರದ ಒಂದು ಕೊಳವೆ ಇತ್ತು, ಬಾಯಿ ಮುಂದಕ್ಕೆ. ಅದಕ್ಕೊಂದು ಕೆಂಪು ಬಟ್ಟೆಯ ಚೀಲ ಹೊಲಿಯಲು ಯಜಮಾನರು ಹೇಳಿದರು.

"ಯಾಕೆ?" ಅಂದೆ.

"ಕಣಜದ ಹುಳ ಒಳಗೆ ಮಣ್ಣು ಮೆತ್ತುತ್ತೆ ಮಾರಾಯ್ತಿ. ಹಾರೋ ಹೊತ್ತಿಗೆ ಪೈಲಟ್ಟೇ ಅದನ್ನ ತೆಗೀಬೇಕು."

ಕೊಳವೆ ಯಾತಕ್ಕೆ ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪೈಲಟ್ಟು ಬೆಂಗಳೂರಿನಿಂದ ಬಂದರು. ಯುದ್ಧದಲ್ಲಿ ಹಾರಿಸಿದವರು, ಮಾತು ಕಮ್ಮಿ. ಶೆಡ್ಡಿನಲ್ಲಿ ಎರಡು ದಿನ ವಿಮಾನದ ಸುತ್ತ ಸುತ್ತಿ, ಒಂದೊಂದು ತಂತಿಯನ್ನೂ ಎಳೆದು ನೋಡಿ, ಕೊನೆಗೆ ಯಜಮಾನರಿಗೆ ಹೇಳಿದರು, "ರಿಪೇರಿ ಮಾಡಿದೋರು ಮುಂದಿನ ಸೀಟಲ್ಲಿ ಕೂರ್ಬೇಕು. ಇಲ್ದಿದ್ರೆ ನಾನು ಎಬ್ಬಿಸಲ್ಲ."

ಧಣಿ ನಕ್ಕರು. ಪೈಲಟ್ಟು ನಗಲಿಲ್ಲ.

"ಇಳಿಯೋವಾಗ ಬಿದ್ದೋರು ಎಷ್ಟೋ ಜನ ನಡ್ಕೊಂಡು ಬಂದಿದ್ದಾರೆ ಸ್ವಾಮಿ. ಏಳೋವಾಗ ಬಿದ್ದೋರನ್ನ ನಾವೇ ಹೊತ್ಕೊಂಡು ಬರ್ಬೇಕು. ಇಂಥ ಹಳೇವು ಏಳೋವಾಗ್ಲೇ ಬೀಳೋದು."

ಯಜಮಾನರು ಕೂರುತ್ತೇನೆ ಅಂದರು. ಅವತ್ತು ಅತ್ತೆ ಊಟ ಮಾಡಲಿಲ್ಲ. ನಾನು ಮಾಡಿದೆ. ಆದರೆ ಆ ಕಲೆ ಕಣ್ಣಿಂದ ಹೋಗಲಿಲ್ಲ.

ಹೊಳಲೂರಿನ ಆಚೆ ಒಂದು ಗೋಮಾಳವನ್ನು ಮಟ್ಟ ಮಾಡಿಸಿದ್ದರು. ರೆಕ್ಕೆ ಬಿಚ್ಚಿ ಲಾರಿಯಲ್ಲಿ ಸಾಗಿಸಿ, ಅಲ್ಲೇ ಮತ್ತೆ ಜೋಡಿಸಿದರು. ಹಾರುವ ದಿನ ಬೆಳಿಗ್ಗೆ, ಗಂಡಸರು ಧಣಿಯ ಕಾರಿನ ಹತ್ತಿರ ಕಾಫಿ ಕುಡಿಯುತ್ತಿದ್ದಾಗ, ಅತ್ತೆ ನನ್ನ ಕೈಗೆ ಪೂಜೆಯ ತಟ್ಟೆ ಕೊಟ್ಟರು.

"ಸತ್ತವನು ಅದರಲ್ಲೇ ಇದ್ದಾನೆ ಕಣೇ. ಸಮಾಧಾನ ಮಾಡ್ದೆ ನನ್ ಮಗನ್ನ ಕೂರಿಸ್ಬೇಡ."

ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ನಾನು ಹೊಲಿದ ರೆಕ್ಕೆಗೆ ವಿಭೂತಿ ಹಚ್ಚಿದೆ. ಊದಿನಕಡ್ಡಿ ಸಿಕ್ಕಿಸಲು ಜಾಗ ಹುಡುಕಿದೆ. ಮನೆಯಲ್ಲಾದರೆ ಬಾಳೆಹಣ್ಣಿಗೆ ಚುಚ್ಚುತ್ತೇವೆ, ಅವತ್ತು ಹಣ್ಣು ತಂದಿರಲಿಲ್ಲ. ಕೆಂಪು ಚೀಲ ಕಾಣಿಸಿತು. ತೆಗೆದೆ. ಕಡ್ಡಿಗೆಂದೇ ಮಾಡಿದ ಹಾಗಿತ್ತು ಆ ತೂತು. ಕಡ್ಡಿ ಸಡಿಲವಾಗಿ ಅಲ್ಲಾಡಿತು, ಒದ್ದೆ ವಿಭೂತಿ ಮೆತ್ತಿ ನಿಲ್ಲಿಸಿದೆ. ಕೈ ಮುಗಿದೆವು. ಅಷ್ಟರಲ್ಲಿ ಗಂಡಸರು ಬರುವುದು ಕಂಡಿತು. ಕಡ್ಡಿ ಎಳೆದೆ, ಮುರಿಯಿತು. ಧಣಿಗೆ ಬಣ್ಣದ ಮೇಲೆ ಕಲೆಯಾದರೆ ಆಗುತ್ತಿರಲಿಲ್ಲ, ಅದಕ್ಕೆ ಹೊರಗಿನ ವಿಭೂತಿಯನ್ನೆಲ್ಲ ಸೆರಗಿನಿಂದ ಒರೆಸಿದೆ. ಚೀಲ ತಟ್ಟೆಯಲ್ಲೇ ಉಳಿಯಿತು.

ಪೈಲಟ್ಟು ಸುತ್ತ ಬಂದು ಕಂಬದ ಕಡೆ ನೋಡಿದರು.

"ಚೀಲ ತೆಗ್ದಿದೀರಾ?"

"ತೆಗ್ದಿದೆ," ಅಂದರು ಯಜಮಾನರು. ಪೈಲಟ್ಟೇ ತೆಗೆದಿರಬೇಕು, ಜ್ಞಾಪಕವಿಲ್ಲದೆ ಕೇಳುತ್ತಿದ್ದಾರೆ ಅಂದುಕೊಂಡರಂತೆ.

ಹತ್ತಿದರು. ಇಂಜಿನ್ನು ಒಂದೇ ಸಲಕ್ಕೆ ಹಿಡಿಯಿತು. ಗೋಮಾಳದ ಉದ್ದಕ್ಕೂ ಓಡಿತು. ಬಾಲ ಎದ್ದಿತು, ಗಾಲಿ ನೆಲ ಬಿಟ್ಟಿತು. ಒಂದಾಳು, ಎರಡಾಳು ಎತ್ತರ. ಮುಂದಿನ ಸೀಟಿನಲ್ಲಿ ಯಜಮಾನರು ಕೈ ಎತ್ತಿ ಆಡಿಸಿದರು. ಅತ್ತೆ ಖುಷಿಯಾಗಿ ತಾವೂ ಕೈ ಬೀಸಿದರು. ನಾನೂ ಬೀಸಿದೆ.

ಆಮೇಲೆ ಇಂಜಿನ್ನಿನ ಸದ್ದು ಇಳಿಯಿತು.

ವಿಮಾನ ಕೆಳಗೆ ಬಂತು. ನೆಲ ಮುಗಿದು ಗದ್ದೆಯ ಬದು ಶುರುವಾಗಿತ್ತು. ಬದುವಿಗೆ ಗಾಲಿ ಹೊಡೆದು, ಮೂಗಿನ ಮೇಲೆ ನಿಂತು, ತಲೆಕೆಳಗಾಗಿ ಮಲಗಿತು. ಬೆಂಕಿ ಹತ್ತಲಿಲ್ಲ. ಪೈಲಟ್ಟನ್ನು ಬೇಗ ಎಳೆದರು, ಭುಜ ಮುರಿದಿತ್ತು. ಯಜಮಾನರ ಬಲಗಾಲು ಇಂಜಿನ್ನಿನ ಕೆಳಗೆ ಸಿಕ್ಕಿತ್ತು. ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದರು. ನಾಲ್ಕು ದಿನ ಪ್ರಜ್ಞೆ ಇರಲಿಲ್ಲ.

ಆ ನಾಲ್ಕು ದಿನದಲ್ಲಿ ಊರು ತೀರ್ಮಾನ ಮಾಡಿಬಿಟ್ಟಿತು. ಅರ್ಧ ಜನ ಪೈಲಟ್ಟು ಕುಡಿದಿದ್ದ ಅಂದರು. ಇನ್ನರ್ಧ ಜನ ನನ್ನ ಕಡೆ ತಿರುಗಿದರು. ಧಣಿ ಆಸ್ಪತ್ರೆಯ ಜಗುಲಿಯಲ್ಲೇ ಅಂದರು, "ರವಿಕೆ ಹೊಲಿಯೋರ ಕೈಲಿ ರೆಕ್ಕೆ ಹೊಲಿಸಿದ್ರೆ ಇನ್ನೇನಾಗುತ್ತೆ?"

ನನಗೆ ಉರಿಯಿತು. ಸಾಬರು ಮುರಿದ ವಿಮಾನವನ್ನು ಶೆಡ್ಡಿಗೆ ತಂದು ಹಾಕಿದ್ದರು. ಹೋಗಿ ಒಂದೊಂದು ಹೊಲಿಗೆಯನ್ನೂ ಬೆರಳಾಡಿಸಿ ನೋಡಿದೆ. ಬಟ್ಟೆ ಹರಿದಿತ್ತು, ಪಟ್ಟಿ ಮುರಿದಿತ್ತು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಧಣಿಯನ್ನು ಕರೆದು ತೋರಿಸಬೇಕು ಅಂತ ಎದ್ದಾಗ ಎಡಗಡೆಯ ಕಂಬ ಎದುರಿಗೇ ಇತ್ತು. ಕೊಳವೆಯ ಬಾಯಿ ಬೆಳ್ಳಗೆ ಮುಚ್ಚಿತ್ತು.

ಹೇರ್‌ಪಿನ್ನು ತೆಗೆದು ಕೆದಕಿದೆ. ವಿಭೂತಿ ಸುಣ್ಣದ ಹಾಗೆ ಗಟ್ಟಿಯಾಗಿತ್ತು. ಪುಡಿಪುಡಿಯಾಗಿ ಉದುರಿತು. ಹಿಂದೆಯೇ ಕಡ್ಡಿಯ ತುಂಡು ಬಂತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಒಲೆಗೆ ಹಾಕು," ಅಂದರು.

"ಅದು ಯಾತರ ಕೊಳವೆ ಅಂತ ಗೊತ್ತಾ ನಿಮ್ಗೆ?"

"ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಒಲೆಗೆ ಹಾಕು."

ನಾನು ತುಂಡನ್ನು ಸೆರಗಿಗೆ ಗಂಟು ಹಾಕಿಕೊಂಡು ಆಸ್ಪತ್ರೆಗೆ ಬಸ್ಸು ಹತ್ತಿದೆ. ಪೈಲಟ್ಟಿನ ಮಂಚದ ಪಕ್ಕ ತನಿಖೆಯ ಅಧಿಕಾರಿ ಕೂತು ಬರೆದುಕೊಳ್ಳುತ್ತಿದ್ದರು. ಪೈಲಟ್ಟು ಒಂದೇ ಮಾತು ಹೇಳುತ್ತಿದ್ದರು, ವೇಗ ತೋರಿಸುವ ಮುಳ್ಳು ಏಳಲಿಲ್ಲ, ವೇಗ ಇಲ್ಲ ಅಂದುಕೊಂಡು ಇಳಿಸಲು ಹೋದೆ ಅಂತ. ಅಧಿಕಾರಿ ನಂಬಿದ ಹಾಗೆ ಕಾಣಲಿಲ್ಲ. ನಾನು ಗಂಟು ಬಿಚ್ಚಿ ತುಂಡನ್ನು ಹಾಸಿಗೆಯ ಮೇಲಿಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿದೆ.

ಪೈಲಟ್ಟು ಸರಿಯಿದ್ದ ಕೈಯಿಂದ ತುಂಡನ್ನು ಎತ್ತಿಕೊಂಡರು. "ಆ ಕೊಳವೆಗೆ ಗಾಳಿ ನುಗ್ಗಿದ್ರೇನೇ ಮುಳ್ಳು ಏಳೋದಮ್ಮಾ," ಅಂದರು. "ಚೀಲ ಇಲ್ಲ ಅಂತ ನೋಡ್ದೆ. ಒಳಗೆ ನೋಡ್ಲಿಲ್ಲ."

ಹೇಳಿಕೆಗೆ ನನ್ನ ಹೆಸರು ಬರೆದೆ.

ಯಜಮಾನರಿಗೆ ಪ್ರಜ್ಞೆ ಬಂದ ಮೇಲೆ ಅವರಿಗೂ ಹೇಳಿದೆ. ಅವತ್ತು ಅವರು ಕೈ ಎತ್ತಿದ್ದು ನಮಗಲ್ಲವಂತೆ. ಮುಂದಿನ ಸೀಟಿನಲ್ಲೂ ಅಂಥದೇ ಮುಳ್ಳಿತ್ತು, ಅದು ಸತ್ತಿದೆ ಅಂತ ಹಿಂದಿನವರಿಗೆ ತೋರಿಸುತ್ತಿದ್ದರಂತೆ. ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡರು.

ಒಂದು ವರ್ಷ ನನ್ನ ಹತ್ತಿರ ಮಾತಾಡಲಿಲ್ಲ. ಕಟ್ಟಿಗೆಯ ಕಾಲು ಹಾಕಿಕೊಂಡು ಬಸ್ ಗ್ಯಾರೇಜಿಗೆ ಹೋಗುವರು, ಬರುವರು, ತಟ್ಟೆ ಮುಂದೆ ಕೂರುವರು. ನಾನೂ ಬಡಿಸಿ ಎದುರಿಗೆ ಕೂರುತ್ತಿದ್ದೆ. ಒಂದು ದಿನ ಮೊದಲನೇ ತುತ್ತಿಗೇ ತಲೆ ಎತ್ತಿದರು.

"ಸಾರಿಗೆ ಉಪ್ಪಿಲ್ಲ."

ರುಚಿ ನೋಡಿದೆ. ಉಪ್ಪಿತ್ತು. ಇನ್ನೊಂದು ಚಿಟಿಕೆ ಹಾಕಿದೆ.